ಹಳೆಯ ಪ್ಲಂಬರ್ ಸಹಿ ಹಾಕಿದರೆ ಸಾಲದೇ?

ಪ್ರಶ್ನೆ: ಟೆಕ್ಸಾಸ್‌ನ ಡಲ್ಲಾಸ್ ಬಳಿ ಚಿಕ್ಕ ಹೋಟೆಲ್ ನಡೆಸುತ್ತಿದ್ದೇವೆ. ನೀರಿನ ಬ್ಯಾಕ್‌ಫ್ಲೋ (ಬಳಕೆಯ ನೀರು ಊರಿನ ಪೈಪಿಗೆ ಹಿಮ್ಮುಖವಾಗಿ ಹರಿಯುವುದು) ತಡೆಯುವ ಸಾಧನವನ್ನು ಲೈಸೆನ್ಸ್ ಇರುವ ಪರೀಕ್ಷಕರಿಂದ ಪರೀಕ್ಷೆ ಮಾಡಿಸಿ ವರದಿ ಕೊಡಬೇಕೆಂದು ನಗರದ ನೀರು ವಿಭಾಗದಿಂದ ಪತ್ರ ಬಂದಿದೆ. ಹತ್ತು ವರ್ಷಗಳಿಂದ ಬರುವ ನಮ್ಮ ಪ್ಲಂಬರ್ ತಾವೇ ಸಹಿ ಹಾಕುವುದಾಗಿ ಹೇಳುತ್ತಾರೆ. ಸಾಲದೇ? ಸಾಧನದ ತಳದಿಂದ ನೀರು ಬೇರೆ ತೊಟ್ಟಿಕ್ಕುತ್ತಿದೆ, ಬಿರಡೆ ಹಾಕಿಸಲೇ? ನನ್ನ ಭಾವಮೈದುನನಿಗೆ ಈ ಲೈಸೆನ್ಸ್ ಸಿಗಬಹುದೇ?

ಉತ್ತರ: ಮೊದಲು ಬಿರಡೆಯ ಮಾತು. ಖಂಡಿತ ಹಾಕಿಸಬೇಡಿ. ತಳದಲ್ಲಿ ನೀರು ಬೀಳುತ್ತದೆ ಎಂದರೆ ನಿಮ್ಮದು ಆರ್‌ಪಿ (ರೆಡ್ಯೂಸ್ಡ್ ಪ್ರೆಶರ್) ಸಾಧನ ಇರಬೇಕು: ನೀರನ್ನು ಒಂದೇ ದಿಕ್ಕಿಗೆ ಬಿಡುವ ಎರಡು ಚೆಕ್ ವಾಲ್ವ್, ನಡುವೆ ಕೆಳಮುಖವಾಗಿ ನೀರು ಹೊರಬಿಡುವ ಒಂದು ರಿಲೀಫ್ ವಾಲ್ವ್. ಒಳಗೆ ಕಸ ಸಿಕ್ಕಿಕೊಂಡು ಅಥವಾ ರಬ್ಬರ್ ಸವೆದು ಚೆಕ್ ವಾಲ್ವ್ ಸರಿಯಾಗಿ ಮುಚ್ಚದಿದ್ದಾಗ, ನಿಮ್ಮ ಅಡುಗೆಮನೆಯ ನೀರು ಊರಿನ ಪೈಪಿಗೆ ವಾಪಸು ಹೋಗುವ ಬದಲು ನೆಲಕ್ಕೆ ಸುರಿದುಹೋಗಲಿ ಎಂದೇ ಆ ಬಾಯಿ ಇಟ್ಟಿರುವುದು. ಅದನ್ನು ಮುಚ್ಚುವುದು, ಕುಕ್ಕರಿನ ಸೀಟಿ ಕಿರಿಕಿರಿ ಎಂದು ರಂಧ್ರಕ್ಕೆ ಹಿಟ್ಟು ಮೆತ್ತಿದ ಹಾಗೆ.

ಇನ್ನು ಸಹಿ. ಟೆಕ್ಸಾಸ್‌ನಲ್ಲಿ ಪ್ಲಂಬರ್ ಲೈಸೆನ್ಸ್ ಕೊಡುವುದು ಪ್ಲಂಬಿಂಗ್ ಪರೀಕ್ಷಕ ಮಂಡಳಿ. ಬ್ಯಾಕ್‌ಫ್ಲೋ ಪರೀಕ್ಷಕರ ಲೈಸೆನ್ಸ್ ಕೊಡುವುದು ರಾಜ್ಯದ ಪರಿಸರ ಗುಣಮಟ್ಟ ಆಯೋಗ. ಎರಡನೆಯದು ಇಲ್ಲದಿದ್ದರೆ ನಿಮ್ಮ ಪ್ಲಂಬರ್ ಎಷ್ಟೇ ನುರಿತವರಾದರೂ ಅವರ ಸಹಿಗೆ ಬೆಲೆಯಿಲ್ಲ. ಪರೀಕ್ಷಕರು ಸಾಧನದ ಪುಟ್ಟ ನಲ್ಲಿಗಳಿಗೆ ಒತ್ತಡ ಅಳೆಯುವ ಗೇಜಿನ ಕೊಳವೆ ಸಿಕ್ಕಿಸಿ, ಗಾಳಿ ಹೊರಬಿಟ್ಟು, ಒತ್ತಡವನ್ನು ನಿಧಾನವಾಗಿ ಇಳಿಸುತ್ತಾರೆ. ಮೊದಲ ಚೆಕ್ ವಾಲ್ವಿನ ಹಿಂದುಮುಂದಿನ ಒತ್ತಡದ ಅಂತರ 2 ಪಿಎಸ್‌ಐಗೆ (ಚದರ ಇಂಚಿಗೆ 2 ಪೌಂಡ್) ಇಳಿಯುವ ಮೊದಲೇ ರಿಲೀಫ್ ವಾಲ್ವ್ ತೆರೆದುಕೊಳ್ಳಬೇಕು. ಆ ಗೇಜನ್ನೂ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿರಬೇಕು. ಬಂದವರ ಲೈಸೆನ್ಸ್ ಜೊತೆಗೆ ಗೇಜಿನ ಪ್ರಮಾಣಪತ್ರವನ್ನೂ ಕೇಳಿ ನೋಡಿ, ಸಂಕೋಚ ಬೇಡ.

ಇಷ್ಟು ಕಟ್ಟುನಿಟ್ಟು ಏಕೆ ಎನ್ನುವವರು 2016ರ ಡಿಸೆಂಬರಿನಲ್ಲಿ ಅದೇ ರಾಜ್ಯದ ಕಾರ್ಪಸ್ ಕ್ರಿಸ್ಟಿಯಲ್ಲಿ ನಡೆದದ್ದನ್ನು ನೆನೆಯಲಿ. ಕೈಗಾರಿಕಾ ಪ್ರದೇಶದ ರಾಸಾಯನಿಕವೊಂದು ಹಿಮ್ಮುಖವಾಗಿ ಹರಿದು ನೀರಿನ ಜಾಲ ಸೇರಿರಬಹುದೆಂಬ ಶಂಕೆಗೆ, ಸುಮಾರು ಮೂರು ಲಕ್ಷ ಜನರಿರುವ ನಗರದಲ್ಲಿ ನಲ್ಲಿ ನೀರು ಮುಟ್ಟಬೇಡಿ ಎಂದು ಸಾರಿದರು. ಕುದಿಸಿ ಕುಡಿಯುವ ದಾರಿಯೂ ಇರಲಿಲ್ಲ. ಬೆಂಗಳೂರಿನಲ್ಲಿ ಮುಖ್ಯ ಕೊಳವೆಗೇ ಮೋಟಾರ್ ಕಟ್ಟಿ ನೀರೆಳೆಯುವ ಮನೆಗಳ ನೆರೆಹೊರೆಯವರಿಗೆ ಈ ಭೌತಶಾಸ್ತ್ರ ಮೂಗಿನ ಮೂಲಕವೇ ಗೊತ್ತು: ಒತ್ತಡ ಕುಸಿದ ಪೈಪು ಬಿರುಕಿನಿಂದ ಚರಂಡಿಯನ್ನೂ ಎಳೆದುಕೊಳ್ಳುತ್ತದೆ.

ನಿಮ್ಮ ಭಾವಮೈದುನನಿಗೆ ಹೈಸ್ಕೂಲು ಅಥವಾ ತತ್ಸಮಾನ ಓದು, ಕೊಳಾಯಿ ಕೆಲಸದಂಥ ಸಂಬಂಧಪಟ್ಟ ಕ್ಷೇತ್ರದಲ್ಲಿ ಎರಡು ವರ್ಷದ ಅನುಭವ, 40 ಗಂಟೆಗಳ ತರಬೇತಿ ಇರಬೇಕು, ಆಮೇಲೆ ಪರೀಕ್ಷೆ. ಲೈಸೆನ್ಸ್ ಮೂರು ವರ್ಷಕ್ಕೆ. ನವೀಕರಣಕ್ಕೆ ಮತ್ತೆ 24 ಗಂಟೆಗಳ ಕಲಿಕೆ. ಒಂದು ಎಚ್ಚರಿಕೆ: ಲೈಸೆನ್ಸ್ ಸಿಕ್ಕ ಮೇಲೂ ಬೆಂಕಿ ನಂದಿಸುವ ಪೈಪಿನ ಸಾಧನಕ್ಕೆ ಅವರು ಕೈ ಹಾಕುವಂತಿಲ್ಲ, ಅದಕ್ಕೆ ಮಾನ್ಯತೆ ಪಡೆದ ಅಗ್ನಿಶಾಮಕ ಪೈಪ್ ಗುತ್ತಿಗೆದಾರರ ಬಳಿ ಕಾಯಂ ನೌಕರರಾಗಿರಬೇಕು.