ಕಡಲೆಕಾಯಿ ಅಲರ್ಜಿ ಇರುವ ಮಗುವಿಗೆ ಅದನ್ನೇ ಸ್ವಲ್ಪ ಸ್ವಲ್ಪ ತಿನ್ನಿಸಿ ಗುಣಪಡಿಸಬಹುದೇ?

ಗುಣಪಡಿಸುವ ಮಾತನ್ನು ಮೊದಲು ಬಿಟ್ಟುಬಿಡಿ. ಈ ಚಿಕಿತ್ಸೆ ಅಲರ್ಜಿಯನ್ನು ಅಳಿಸುವುದಿಲ್ಲ. ಗೊತ್ತಿಲ್ಲದೆ ಒಂದು ಬೀಜ ಹೊಟ್ಟೆಗೆ ಹೋದರೂ ದೇಹ ತಡೆದುಕೊಳ್ಳುವಂತೆ ಪಳಗಿಸುತ್ತದೆ. ಮೈಸೂರಿನ ನಮಗೆ ಅಷ್ಟೇ ದೊಡ್ಡ ವರ. ಚಿತ್ರಾನ್ನ, ಪುಳಿಯೋಗರೆ, ಸಂಕ್ರಾಂತಿಯ ಎಳ್ಳುಬೆಲ್ಲ, ಎಲ್ಲದರಲ್ಲೂ ಕಡಲೆಕಾಯಿ. ನಾಲ್ಕು ವರ್ಷದ ಮಗಳು ಎಳ್ಳುಬೆಲ್ಲ ತಿಂದು, ತುಟಿ ಊದಿ, ಉಸಿರಿಗೆ ಒದ್ದಾಡಿದ ಸಂಜೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಪ್ರಮಾಣ ಎಷ್ಟು ಸಣ್ಣದೆಂದು ತಿಳಿಯಲು, ಅಮೆರಿಕದಲ್ಲಿ 2020ರಲ್ಲಿ ಅನುಮೋದನೆ ಪಡೆದ ಕಡಲೆಕಾಯಿ ಪುಡಿಯ ಔಷಧವನ್ನು ನೋಡಿ: ಆರಂಭ 0.5 ಮಿಲಿಗ್ರಾಂ ಪ್ರೋಟೀನ್. ಎರಡು ವಾರಕ್ಕೊಮ್ಮೆ ಏರಿಕೆ. ತಿಂಗಳುಗಳ ನಂತರ ದಿನಕ್ಕೆ 300 ಮಿಲಿಗ್ರಾಂ, ಅಂದರೆ ಹೆಚ್ಚುಕಡಿಮೆ ಒಂದು ಬೀಜ. ಮೊದಲ ಡೋಸ್ ಮತ್ತು ಪ್ರತಿ ಏರಿಕೆ ಅಲರ್ಜಿ ತಜ್ಞರ ಕಣ್ಣೆದುರೇ ಆಗಬೇಕು. ದಯವಿಟ್ಟು ಮನೆಯಲ್ಲಿ ಬೀಜ ಅರೆದು ಪ್ರಯೋಗ ಮಾಡಬೇಡಿ.

ನಿಜವಾದ ಪರೀಕ್ಷೆ ಮನೆಯ ದಿನಚರಿ. ಖಾಲಿ ಹೊಟ್ಟೆಗೆ ಕೊಡುವಂತಿಲ್ಲ. ಕೊಟ್ಟ ಮೇಲೆ ಕೆಲವು ಗಂಟೆ ಓಟ, ಬಿಸಿನೀರಿನ ಸ್ನಾನ ಬೇಡ. ಜ್ವರ ಬಂದರೆ ಮೊದಲು ವೈದ್ಯರಿಗೆ ಫೋನ್. ಬಾಯಿ ತುರಿಕೆ, ಹೊಟ್ಟೆನೋವು ನಮ್ಮಲ್ಲಿ ಹಲವು ಸಲ ಬಂದವು. ಅಲರ್ಜಿ ವಿಪರೀತವಾದರೆ ತಕ್ಷಣ ಕೊಡಬೇಕಾದ ಅಡ್ರಿನಾಲಿನ್ ಚುಚ್ಚುಮದ್ದನ್ನು ತೊಡೆಗೆ ಕೊಡಲು ನಾನು, ನನ್ನ ಪತಿ ಇಬ್ಬರೂ ಕಲಿತೆವು. ಅದು ಇಂದಿಗೂ ಚೀಲದಲ್ಲಿದೆ.

“ವಿಷವನ್ನೇ ಉಣಿಸುತ್ತೀರಲ್ಲ” ಎಂದು ಅತ್ತೆ ಅತ್ತಿದ್ದರು. ಈಗ ದಿನದ ಡೋಸ್ ನೆನಪಿಸುವವರು ಅವರೇ. ಆದರೂ ಹಬ್ಬದಲ್ಲಿ ಮಗಳ ಎಳ್ಳುಬೆಲ್ಲವನ್ನು ಕಡಲೆಕಾಯಿ ಹಾಕದೆ ಬೇರೆಯಾಗಿಯೇ ಬೆರೆಸುತ್ತೇವೆ.