ಸೆಸ್ನಾ 172ರಲ್ಲಿ ಕೊಲಂಬೊಗೆ ಹೋಗೋದಾ? ಮೊದಲು ಕಸ್ಟಮ್ಸ್‌ನವರ ಟೈಮ್ ಕೇಳಿ

ತುಮಕೂರಿನವರು, ಜಕ್ಕೂರಿನಲ್ಲಿ ಪಿಪಿಎಲ್, ಅಂದರೆ ಖಾಸಗಿ ಪೈಲಟ್ ಲೈಸೆನ್ಸ್ ಮಾಡಿದ್ದೀರಿ, ಸ್ನೇಹಿತನನ್ನು ಕೂರಿಸಿಕೊಂಡು ಸೆಸ್ನಾ 172 ಅನ್ನೋ ನಾಲ್ಕು ಸೀಟಿನ ಪುಟ್ಟ ವಿಮಾನದಲ್ಲಿ ಕೊಲಂಬೊಗೆ ಹೋಗಬೇಕು. ಯಾವ ರೂಟು, ಎಷ್ಟು ಇಂಧನ, ಯಾವ ಜಿಪಿಎಸ್ಸು ಅಂತ ಕೇಳಿದ್ದೀರಿ. ನಾನೂ ಮೊದಲ ಸಲ ಇದೇ ಮೂರನ್ನು ಹಿಡಿದುಕೊಂಡು ಕೂತಿದ್ದೆ. ಮೂರೂ ಆಮೇಲಿನ ವಿಷಯ ಸ್ವಾಮಿ.

ನಾನು ಚಿಕ್ಕಬಳ್ಳಾಪುರದವನು. ಕೆಲಸದ ಮೇಲೆ ಸಿಯಾಟಲ್ ಕಡೆ ಇದ್ದಾಗ ಅಲ್ಲೇ ಲೈಸೆನ್ಸ್ ತಗೊಂಡು, ಒಂದು ಕ್ಲಬ್ಬಿನ 172 ಬಾಡಿಗೆಗೆ ಪಡೆದು ಹಾರುತ್ತಿದ್ದೆ. ನೀರಿನ ಆಚೆ ಕೆನಡಾದ ವಿಕ್ಟೋರಿಯಾ. ಗಡಿ ಹತ್ತಿರದ ಏರ್‌ಪೋರ್ಟಿನಿಂದ ಎದ್ದರೆ ಅರ್ಧ ಗಂಟೆಯೂ ಬೇಡ. ಆಗ ಊರಿನಿಂದ ಸೋದರಮಾವ ಬಂದಿದ್ದರು. ದ್ರಾಕ್ಷಿ ತೋಟ ಬಿಟ್ಟು ಎಲ್ಲೂ ಹೋಗದ ಮನುಷ್ಯ. "ಮಾವ, ನಿಮ್ಮನ್ನ ನಾನೇ ಇನ್ನೊಂದು ದೇಶಕ್ಕೆ ಹಾರಿಸ್ಕೊಂಡು ಹೋಗ್ತೀನಿ" ಅಂದೆ. "ನೀನು ಸ್ಕೂಟರ್ ಓಡಿಸೋದನ್ನ ನೋಡಿದ್ದೀನಪ್ಪ" ಅಂದರು. ಆದರೂ ಬಂದರು.

ನಾನು ರಾತ್ರಿಯೆಲ್ಲ ಚಾರ್ಟ್ ಹರಡಿಕೊಂಡು ಗಾಳಿ, ಹೆಡಿಂಗು, ಇಂಧನ ಲೆಕ್ಕ ಹಾಕಿದೆ. ಪೇಪರ್ ಕೆಲಸವನ್ನೂ ಬಿಟ್ಟಿರಲಿಲ್ಲ ಅನ್ನಿ. ಇಬ್ಬರಿಗೂ ಕೆನಡಾ ವೀಸಾ ಇತ್ತು, ವಾಪಸ್ ಬರೋದಕ್ಕೆ ಅಮೆರಿಕದ ವೀಸಾನೂ ಇತ್ತು. ಸ್ವಂತ ವಿಮಾನದಲ್ಲಿ ಹೋದರೂ ನಮ್ಮ ಪಾಸ್‌ಪೋರ್ಟಿಗೆ ರಿಯಾಯಿತಿ ಏನಿಲ್ಲ. ಅಮೆರಿಕದ ಒಳಗೆ ಹಾರುವ ಖಾಸಗಿ ಪೈಲಟ್‌ಗೆ ರೇಡಿಯೋ ಲೈಸೆನ್ಸ್ ಬೇಡ, ಗಡಿ ದಾಟಿದರೆ ವಿಮಾನಕ್ಕೊಂದು, ಪೈಲಟ್‌ಗೊಂದು ಬೇಕು. ಅದನ್ನೂ ಮಾಡಿಸಿದ್ದೆ. ನಿಮ್ಮ ಹತ್ತಿರ ನಮ್ಮ ದೇಶದ ರೇಡಿಯೋ ಲೈಸೆನ್ಸ್ ಆರ್‌ಟಿಆರ್ ಇರುತ್ತೆ, ಆ ಚಿಂತೆ ಇಲ್ಲ.

ಹೋಗೋದು ಸಲೀಸಾಗಿ ಆಯ್ತು. ಅಮೆರಿಕದಿಂದ ಹೊರಡುವಾಗ ಇ-ಏಪಿಸ್ ಅನ್ನೋ ವೆಬ್‌ಸೈಟಿನಲ್ಲಿ ವಿಮಾನದಲ್ಲಿರುವವರ ವಿವರ ಕೊಡಬೇಕು, ಹೊರಡೋದಕ್ಕೆ 60 ನಿಮಿಷ ಮೊದಲೇ. ಕೆನಡಾದವರಿಗೆ ಕನಿಷ್ಠ 2 ಗಂಟೆ ಮೊದಲು ಫೋನ್ ಮಾಡಬೇಕು. ಫ್ಲೈಟ್ ಪ್ಲಾನ್ ಹಾಕಿ, ರಾಡಾರಿನಲ್ಲಿ ನಮ್ಮ ವಿಮಾನವನ್ನು ಗುರುತಿಸೋ ಸ್ಕ್ವಾಕ್ ಕೋಡ್ ತಗೊಂಡು ಗಡಿ ದಾಟಿದೆವು. ವಿಕ್ಟೋರಿಯಾದಲ್ಲಿ ಇಳಿದು ಫೋನ್ ಮಾಡಿದರೆ ಆ ಕಡೆಯವರು ನಾಲ್ಕು ಪ್ರಶ್ನೆ ಕೇಳಿ, ಒಂದು ನಂಬರ್ ಕೊಟ್ಟು, ಬರೆದಿಟ್ಟುಕೊಳ್ಳಿ, ಹೋಗಬಹುದು ಅಂದರು. ಒಬ್ಬ ಆಫೀಸರೂ ಬರಲಿಲ್ಲ. "ಇಷ್ಟೇನಾ?" ಅಂದರು ಮಾವ. ನನಗೂ ಹಾಗೇ ಅನ್ನಿಸಿತು.

ಎಡವಿದ್ದು ವಾಪಸ್ ಬರುವಾಗ. ಇ-ಏಪಿಸ್ ಹಾಕಿದ್ದೆ. ಇಳಿಯುವ ಏರ್‌ಪೋರ್ಟಿನ ಕಸ್ಟಮ್ಸ್‌ಗೆ ಫೋನ್ ಮಾಡಿ 3 ಗಂಟೆಗೆ ಬರ್ತೀವಿ ಅಂತ ಹೇಳಿ ಒಪ್ಪಿಗೆಯನ್ನೂ ತಗೊಂಡಿದ್ದೆ. ಊಟ ಮುಗಿಸಿ ಬಂದಾಗ ಪಶ್ಚಿಮದ ಕಡೆ ಮೋಡ ಇಳಿಯುತ್ತಿತ್ತು. ಬೇಗ ಹೊರಟುಬಿಡೋಣ ಅಂತ ಎದ್ದೆ. ಹವಾಮಾನದ ಲೆಕ್ಕದಲ್ಲಿ ಅದು ಸರಿ. ಫ್ಲೈಟ್ ಪ್ಲಾನಿನ ಟೈಮ್ ಬದಲಾಯಿಸಿದೆ. ಕಸ್ಟಮ್ಸ್‌ಗೆ ಮತ್ತೆ ಫೋನ್ ಮಾಡಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ: ಲೇಟಾದರೆ ತಪ್ಪು, ಬೇಗ ಹೋದರೆ ಒಳ್ಳೇದೇ ಅಲ್ವಾ? ಬಸ್ಸಿಗೆ ಅರ್ಧ ಗಂಟೆ ಮೊದಲೇ ಹೋಗಿ ಟವೆಲ್ ಹಾಕಿ ಸೀಟ್ ಹಿಡಿಯೋ ಜನ ನಾವು.

ಕಸ್ಟಮ್ಸ್‌ನವರ ಲೆಕ್ಕ ಬೇರೆ. ಸಣ್ಣ ಏರ್‌ಪೋರ್ಟುಗಳಲ್ಲಿ ಆಫೀಸರ್ ಅಲ್ಲೇ ಕೂತಿರೋದಿಲ್ಲ. ನೀವು ಹೇಳಿದ ಹೊತ್ತಿಗೆ ಬೇರೆ ಕಡೆಯಿಂದ ಬರುತ್ತಾರೆ. ನೀವು ಮುಕ್ಕಾಲು ಗಂಟೆ ಮೊದಲೇ ಇಳಿದರೆ, ಅಷ್ಟು ಹೊತ್ತು ಯಾರ ಕಣ್ಣಿಗೂ ಬೀಳದೆ ವಿದೇಶದಿಂದ ಬಂದ ಒಂದು ವಿಮಾನ ಅಲ್ಲಿ ನಿಂತಿರುತ್ತೆ. ಏನು ಇಳಿಸಿದ, ಯಾರನ್ನು ಇಳಿಸಿದ ಅಂತ ಯಾರಿಗೆ ಗೊತ್ತು? ಅದಕ್ಕೇ ಅವರಿಗೆ ಲೇಟಾಗಿ ಬರುವವನಿಗಿಂತ ಬೇಗ ಬರುವವನ ಮೇಲೆ ಜಾಸ್ತಿ ಅನುಮಾನ. ನಾನು ವಿಕ್ಟೋರಿಯಾದಲ್ಲೇ ನಿಂತು ಒಂದು ಫೋನ್ ಮಾಡಬಹುದಿತ್ತು. ಬೇಗ ಇಳಿದೆವು ಅಂತಾದರೂ ಬಾಗಿಲು ಹಾಕಿಕೊಂಡು ಒಳಗೇ ಕೂತಿರಬಹುದಿತ್ತು.

ಕೂರಲಿಲ್ಲ. ಮಾವನಿಗೆ ಶುಗರ್ ಇದೆ. ಹಳದಿ ಗೆರೆ ಎಳೆದ ಕಸ್ಟಮ್ಸ್ ಚೌಕದೊಳಗೆ ನಿಲ್ಲಿಸಿದ್ದೇ ತಡ, "ಲೋ, ತಡ್ಕೊಳೋಕೆ ಆಗಲ್ಲ ಕಣೋ" ಅಂದರು. ಸುತ್ತ ನೋಡಿದೆ, ನರಪಿಳ್ಳೆ ಇಲ್ಲ. ಎದುರಿಗೇ ಟಾಯ್ಲೆಟ್ ಬೋರ್ಡು. ಬೆಳಿಗ್ಗೆ ಕೆನಡಾದಲ್ಲಿ ಯಾರೂ ಬರಲಿಲ್ಲ, ಇಲ್ಲಿ ಯಾರು ಬರ್ತಾರೆ ಅಂದುಕೊಂಡು ಬಾಗಿಲು ತೆಗೆದೆ. ಮಾವ ಒಂದು ಕೈಯಲ್ಲಿ ಕೋಡುಬಳೆ ಪೊಟ್ಟಣ, ಇನ್ನೊಂದು ಕೈಯಲ್ಲಿ ಪ್ಯಾಂಟಿನ ಬೆಲ್ಟು ಹಿಡಿದುಕೊಂಡು ಗೆರೆ ದಾಟಿ ನಡೆದರು. ಅವರು ಹೊರಗೆ ಬರುವ ಹೊತ್ತಿಗೆ ಸರಿಯಾಗಿ ಆಫೀಸರ್ ಗಾಡಿ ಬಂತು.

ಆಮೇಲೆ ನೋಟಿಸು. ಒಪ್ಪಿಗೆ ಇಲ್ಲದೆ ಪ್ರಯಾಣಿಕರನ್ನು ಇಳಿಸಿದ್ದಕ್ಕೆ ಅಲ್ಲಿ ದಂಡ ಮೊದಲ ಸಲಕ್ಕೆ 5,000 ಡಾಲರ್, ಮುಂದಿನ ಸಲಕ್ಕೆ 10,000. ಕಾಗದದ ಮೇಲೆ ಕಾಗದ ಬರೆದು, ಮಾವನ ಡಾಕ್ಟರ್ ಚೀಟಿ ಲಗತ್ತಿಸಿ, ಕೊನೆಗೆ ಕಡಿಮೆ ಮಾಡಿಸಿಕೊಂಡೆ. ಕ್ಲಬ್ಬಿನವರು ಗಡಿ ದಾಟಲು ಮತ್ತೆ ವಿಮಾನ ಕೊಡಲಿಲ್ಲ. ಮಾವ ಈಗಲೂ ಮದುವೆ ಮನೆಗಳಲ್ಲಿ, ಅಮೆರಿಕದಲ್ಲಿ ಅತಿ ದುಬಾರಿ ಟಾಯ್ಲೆಟ್‌ಗೆ ಹೋಗಿ ಬಂದವನು ನಾನು ಅಂತ ಹೇಳಿಕೊಂಡು ತಿರುಗುತ್ತಾರೆ.

ಈಗ ನಿಮ್ಮ ವಿಷಯ. ಪ್ಲಾನನ್ನು ಹಿಂದಿನಿಂದ ಮಾಡಿ. ಕೊಲಂಬೊದಲ್ಲಿ ಕಸ್ಟಮ್ಸ್, ಇಮಿಗ್ರೇಷನ್‌ನವರು ಯಾವಾಗ ಇರುತ್ತಾರೆ, ಆ ದೇಶದ ಅನುಮತಿ ಯಾವ ದಿನಕ್ಕೆ ಸಿಕ್ಕಿದೆ ಅನ್ನೋದರಿಂದ ಶುರು ಮಾಡಿ ಜಕ್ಕೂರಿಗೆ ಬನ್ನಿ. ಜಕ್ಕೂರಿನಿಂದ ನೇರವಾಗಿ ವಿದೇಶಕ್ಕೆ ಏಳೋ ಹಾಗಿಲ್ಲ, ಕಸ್ಟಮ್ಸ್ ಇರುವ ಏರ್‌ಪೋರ್ಟಿನಿಂದಲೇ ಹೊರಡಬೇಕು. ನಿಮಗೆ ತಿರುಚ್ಚಿ ಅನುಕೂಲ. ಹಾರೋ ಮೊದಲು ತಗೊಳ್ಳೋ ಎಡಿಸಿ (ವಾಯುರಕ್ಷಣಾ ಅನುಮತಿ), ಎಫ್‌ಐಸಿ (ಫ್ಲೈಟ್ ಇನ್ಫರ್ಮೇಷನ್ ಸೆಂಟರ್) ನಂಬರು ನಿಮಗೆ ಹೊಸದಲ್ಲ. ಹೊಸದು ಜೆನ್ ಡೆಕ್ಕು, ಅಂದರೆ ವಿಮಾನದ, ಅದರಲ್ಲಿರುವವರ ವಿವರ ಬರೆದು ಕೊಡೋ ಜನರಲ್ ಡಿಕ್ಲರೇಷನ್ ಫಾರಂ, ಮತ್ತೆ ಎರಡೂ ಕಡೆ ಏರ್‌ಪೋರ್ಟಿನ ಕೆಲಸ ನೋಡಿಕೊಳ್ಳೋ ಹ್ಯಾಂಡ್ಲಿಂಗ್ ಏಜೆಂಟು. ಏಜೆಂಟ್‌ಗೆ ಕೊಡೋ ದುಡ್ಡು ವೇಸ್ಟು ಅಂತ ಕೆಲವರು ಹೇಳುತ್ತಾರೆ. ಕೇಳಬೇಡಿ, ಕೊಡಿ. ಫ್ಲೈಟ್ ಪ್ಲಾನ್ ಯುಟಿಸಿ ಅನ್ನೋ ಜಾಗತಿಕ ಟೈಮಲ್ಲಿ ಇರುತ್ತೆ, ಆಫೀಸರ್ ಕೈಗಡಿಯಾರ ಲೋಕಲ್ ಟೈಮಲ್ಲಿ ಇರುತ್ತೆ. ಶ್ರೀಲಂಕಾದ ಟೈಮೂ ನಮ್ಮದೇ, ಅಷ್ಟು ನಿಮ್ಮ ಪುಣ್ಯ.

ಎಷ್ಟು ಇಂಧನ ಅನ್ನೋದಕ್ಕಿಂತ ಎಲ್ಲಿ ಸಿಗುತ್ತೆ ಅಂತ ಕೇಳಿ. ಜಕ್ಕೂರಿನಿಂದ ತಿರುಚ್ಚಿಗೆ ಸುಮಾರು 150 ನಾಟಿಕಲ್ ಮೈಲಿ, ಅಲ್ಲಿಂದ ಕೊಲಂಬೊಗೆ 225. 172ರ ಎಸ್ ಮಾಡೆಲ್ಲಿನಲ್ಲಿ ಬಳಸಲು ಸಿಗೋದು 200 ಲೀಟರ್, ಗಂಟೆಗೆ 35ರ ಆಸುಪಾಸು ಕುಡಿಯುತ್ತೆ. ಜಕ್ಕೂರಿನಲ್ಲಿ ತುಂಬಿಸಿದ್ದು ಹೋಗೋದಕ್ಕೆ ಸಾಕು, ದಾರಿಯಲ್ಲಿ ಎಲ್ಲೂ ತುಂಬಿಸದೆ ಜಕ್ಕೂರಿಗೆ ವಾಪಸ್ ಬರೋದಕ್ಕೆ ಸಾಲದು. ನಮ್ಮಲ್ಲಿ 2022ರಿಂದ ಇಂಡಿಯನ್ ಆಯಿಲ್‌ನವರು 172ಕ್ಕೆ ಬೇಕಾದ ಏವ್‌ಗ್ಯಾಸ್ (ವಿಮಾನದ ಪೆಟ್ರೋಲ್) ತಯಾರಿಸುತ್ತಿದ್ದರೂ ಹೆಚ್ಚಿನ ಏರ್‌ಪೋರ್ಟುಗಳಲ್ಲಿ ಸಿಗೋದು ಜೆಟ್ ಇಂಧನ ಮಾತ್ರ. ಏವ್‌ಗ್ಯಾಸ್ ಕೊಡ್ತೀವಿ ಅಂತ ಬರವಣಿಗೆಯಲ್ಲಿ ಬರುವ ತನಕ ಹೊರಡಬೇಡಿ.

ಇದೆಲ್ಲ ತಲೆನೋವು, ಅಮೆರಿಕಕ್ಕೇ ಹೋಗಿ ಬಾಡಿಗೆ ವಿಮಾನದಲ್ಲಿ ಗಡಿ ದಾಟ್ತೀನಿ ಅಂತೀರಾ? ವಿಮಾನ ಯಾವ ದೇಶದಲ್ಲಿ ನೋಂದಣಿ ಆಗಿದೆಯೋ ಆ ದೇಶ ಕೊಟ್ಟ, ಇಲ್ಲವೇ ಆ ದೇಶ ಮಾನ್ಯ ಮಾಡಿದ ಲೈಸೆನ್ಸ್ ಇರಬೇಕು. 1944ರ ಷಿಕಾಗೊ ಒಪ್ಪಂದದ 32ನೇ ವಿಧಿ. ವಿಟಿ, ಅಂದರೆ ಭಾರತದಲ್ಲಿ ನೋಂದಣಿ ಆದ ವಿಮಾನಕ್ಕೆ ನಿಮ್ಮ ಭಾರತದ ಪಿಪಿಎಲ್ ಸಾಕು, ಅಲ್ಲಿನ ವಿಮಾನಕ್ಕೆ ಅಲ್ಲಿನದ್ದು, ಇಲ್ಲವೇ ಅಲ್ಲಿನವರ ಮಾನ್ಯತೆ ಬೇಕು.

ನನ್ನ ಕೇಳಿದರೆ, ಈ ವರ್ಷ ಕೊಲಂಬೊ ಬೇಡ. ಮೊದಲು ತಿರುಚ್ಚಿಗೆ ಹೋಗಿ ಬನ್ನಿ, ಅಲ್ಲಿನ ಏಜೆಂಟ್ ಜೊತೆ ಕೂತು ಜೆನ್ ಡೆಕ್ ಒಂದು ಸಲ ತುಂಬಿ ನೋಡಿ. ಪಾಕ್ ಜಲಸಂಧಿಯ ಅಗಲ 64ರಿಂದ 137 ಕಿಲೋಮೀಟರ್. 9,000 ಅಡಿಯಲ್ಲಿ ಇಂಜಿನ್ ನಿಂತರೆ 172 ಕೆಳಗಿಳೀತಾ ಮುಂದಕ್ಕೆ ಜಾರೋದು ಹೆಚ್ಚೆಂದರೆ 25 ಕಿಲೋಮೀಟರ್, ಅದೂ ಎದುರು ಗಾಳಿ ಇಲ್ಲದಿದ್ದರೆ. ಅಂದರೆ ನಡುವೆ ಒಂದಷ್ಟು ಹೊತ್ತು ಯಾವ ದಡವೂ ಕೈಗೆ ಸಿಗಲ್ಲ. ಇದನ್ನ ನಿಮ್ಮ ಸ್ನೇಹಿತನಿಗೆ ಕೊಲಂಬೊ ಆಸೆ ತೋರಿಸೋ ಮೊದಲೇ ಹೇಳಿ. ಲೈಫ್ ಜಾಕೆಟ್ ಸೀಟಿನ ಕೆಳಗೆ ಇಡಬೇಡಿ, ಇಬ್ಬರೂ ತೊಟ್ಟುಕೊಂಡೇ ಕೂರಿ. ಗಾಳಿ ತುಂಬೋದು ವಿಮಾನದಿಂದ ಹೊರಗೆ ಬಂದ ಮೇಲೆ, ಒಳಗೆ ತುಂಬಿಸಿಕೊಂಡರೆ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತೀರಿ.