ಸ್ವಿಫ್ಟ್‌ಗೆ 40 ಎಂಎಂ ಲೋವರಿಂಗ್ ಸ್ಪ್ರಿಂಗ್ (ಗಾಡಿಯ ಎತ್ತರ ತಗ್ಗಿಸುವ ಸ್ಪ್ರಿಂಗ್) ಹಾಕಿಸಬೇಕು ಅಂತಿದ್ದೇನೆ. ಯಾವ ಶಾಕ್ ಅಬ್ಸಾರ್ಬರ್ ತಗೊಳ್ಳಲಿ?

ನಿಮ್ಮ ಪ್ರಶ್ನೆ ಓದಿದೆ. 2018ರ ಸ್ವಿಫ್ಟ್, 75 ಸಾವಿರ ಕಿಲೋಮೀಟರ್ ಓಡಿದೆ, ಮನೆ ಸಾಗರದ ಕಡೆ, ಕೆಲಸ ಶಿವಮೊಗ್ಗದಲ್ಲಿ, ಕೈಯಲ್ಲಿ 25 ಸಾವಿರ, ತಿರುವಿನಲ್ಲಿ ಗಾಡಿ ವಾಲುತ್ತದೆ ಅಂತ ಬೇಜಾರು. ಊರಿನ ಹೆಸರು ಒಂದು ಬದಲಿಸಿದರೆ ಇದು 2015ರ ನಾನೇ.

ನನ್ನದು 2012ರ ಡೀಸೆಲ್ ಸ್ವಿಫ್ಟ್. ಮನೆ ತೀರ್ಥಹಳ್ಳಿ ಹತ್ತಿರ, ಅಡಿಕೆ ತೋಟದ ಮಧ್ಯೆ. ವಾರಕ್ಕೆ ಎರಡು ಸಲ ಶಿವಮೊಗ್ಗದಿಂದ ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟಿ ಊರಿಗೆ ಓಡಾಟ. ಆ ದಾರಿಯಲ್ಲಿ ಗಾಡಿ ಓಡಿಸುವುದೆಂದರೆ ನನಗೆ ಈಗಲೂ ಖುಷಿ. 60 ಸಾವಿರ ಕಿಲೋಮೀಟರ್ ಆಗುವ ಹೊತ್ತಿಗೆ ಗಾಡಿ ತಿರುವಿನಲ್ಲಿ ದೋಣಿ ಥರ ತೂಗಾಡಲು ಶುರುವಾಯಿತು. ಗಾಡಿ ಎತ್ತರ ಇದೆ, ಅದಕ್ಕೇ ವಾಲುತ್ತದೆ ಎಂದು ನಾನೇ ತೀರ್ಮಾನ ಮಾಡಿದೆ. ಹೊಸದರಲ್ಲಿ ಇದೇ ಎತ್ತರದಲ್ಲಿ ಇದೇ ಗಾಡಿ ನೆಟ್ಟಗೆ ಹೋಗುತ್ತಿತ್ತಲ್ಲ ಅನ್ನೋ ಯೋಚನೆ ತಲೆಗೆ ಬರಲೇ ಇಲ್ಲ.

ಬೆಂಗಳೂರಿನ ಒಂದು ಅಂಗಡಿಯಲ್ಲಿ 13 ಸಾವಿರ ಕೊಟ್ಟು 40 ಎಂಎಂ ಸ್ಪ್ರಿಂಗ್ ಸೆಟ್ ತಗೊಂಡೆ. ಶಾಕ್ ಅಬ್ಸಾರ್ಬರ್ ಬದಲಿಸಬೇಕಾ ಅಂತ ಕೇಳಿದೆ. "ಒರಿಜಿನಲ್ಲೇ ಇರಲಿ, ಏನೂ ಆಗಲ್ಲ" ಅಂದರು. ನಾಲ್ಕು ಶಾಕ್ಸ್‌ಗೆ ಇನ್ನೂ 14 ಸಾವಿರ ಆಗುತ್ತಿತ್ತು. ಅದನ್ನು ಉಳಿಸಿದೆ. ನಾನು ಮಾಡಿದ ತಪ್ಪು ಇದೊಂದೇ. ಉಳಿದ ಎಲ್ಲ ಕಷ್ಟ ಇದರ ಹಿಂದೆಯೇ ಬಂತು.

ಮೊದಲ ವಾರ ಗಾಡಿ ನೋಡಲು ಬಲು ಚೆಂದ ಇತ್ತು. ಮೊದಲು ಟೈರಿಗೂ ಮೇಲಿನ ಕಮಾನಿಗೂ ನಡುವೆ ನಾಲ್ಕು ಬೆರಳು ಹಿಡಿಯುತ್ತಿತ್ತು. ಈಗ ಎರಡು ಬೆರಳು ಕಷ್ಟಪಟ್ಟು ಹೋಗುತ್ತಿತ್ತು. ನುಣುಪು ರಸ್ತೆಯಲ್ಲಿ ತಿರುವು ಹಾಕಿದರೆ ಗಾಡಿ ವಾಲುತ್ತಲೇ ಇರಲಿಲ್ಲ. ಅಪ್ಪಯ್ಯ ಅಂಗಳದಲ್ಲಿ ನಿಂತು ಒಂದು ಸುತ್ತು ನೋಡಿ, "ಗಾಡಿ ಎಂತಕ್ಕೆ ಹೀಗೆ ಕುಕ್ಕರಿಸಿದೆ?" ಅಂತ ಕೇಳಿದರು. ಇದೇ ಸ್ಟೈಲು ಅಂದೆ. ಅವರು ಮತ್ತೆ ಮಾತಾಡಲಿಲ್ಲ.

ಈಗ ಆ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ದಯವಿಟ್ಟು ಪೂರ್ತಿ ಓದಿ.

ಸ್ಪ್ರಿಂಗ್ ಗಾಡಿಯ ಭಾರ ಹೊರುತ್ತದೆ. ಚಕ್ರ ಉಬ್ಬು ಹತ್ತಿದಾಗ ಅದು ಕುಗ್ಗುತ್ತದೆ, ಆಮೇಲೆ ಅಷ್ಟೇ ಜೋರಾಗಿ ವಾಪಸ್ ನೂಕುತ್ತದೆ. ಅದನ್ನು ಅದರ ಪಾಡಿಗೆ ಬಿಟ್ಟರೆ ಕುಣಿಯುತ್ತಲೇ ಇರುತ್ತದೆ. ಆ ಕುಣಿತ ನಿಲ್ಲಿಸುವುದು ಶಾಕ್ ಅಬ್ಸಾರ್ಬರ್. ಅದರೊಳಗೆ ಎಣ್ಣೆ ಇದೆ, ಪಿಸ್ಟನ್ ಇದೆ. ಪಿಸ್ಟನ್ನಿನ ಸಣ್ಣ ದಾರಿಗಳಲ್ಲಿ ಎಣ್ಣೆ ನುಸುಳಬೇಕು. ಆ ತಡೆಯಲ್ಲಿ ಸ್ಪ್ರಿಂಗಿನ ಹಾರಾಟ ಶಾಖವಾಗಿ ಕಳೆದುಹೋಗುತ್ತದೆ. ಎಷ್ಟು ತಡೆ ಬೇಕು ಅನ್ನುವುದನ್ನು ಕಂಪನಿಯವರು ತಮ್ಮ ಸ್ಪ್ರಿಂಗ್ ನೋಡಿ ಲೆಕ್ಕ ಹಾಕಿರುತ್ತಾರೆ.

ಲೋವರಿಂಗ್ ಸ್ಪ್ರಿಂಗ್ ಗಿಡ್ಡ ಮಾತ್ರ ಅಲ್ಲ, ಗಡುಸೂ ಹೌದು. ಗಡುಸಾಗಿರಲೇಬೇಕು, ಏಕೆಂದರೆ ಕುಗ್ಗಲು ಜಾಗ ಕಡಿಮೆ ಇದೆ. ಗಡುಸು ಸ್ಪ್ರಿಂಗ್ ಜಾಸ್ತಿ ಜೋರಾಗಿ ವಾಪಸ್ ನೂಕುತ್ತದೆ. ಅದನ್ನು ಹಿಡಿಯಲು ನಾನು ಬಿಟ್ಟಿದ್ದು 60 ಸಾವಿರ ಕಿಲೋಮೀಟರ್ ದುಡಿದು ಸವೆದ, ಮೆತ್ತನೆ ಸ್ಪ್ರಿಂಗಿಗೆಂದು ಮಾಡಿದ ಶಾಕ್ಸ್. ಎಳೆಗರುವಿಗೆ ಕಟ್ಟುವ ಹಗ್ಗದಲ್ಲಿ ಹೋರಿ ಕಟ್ಟಿದ ಹಾಗೆ.

ಎರಡನೆಯದು ಜಾಗದ ಲೆಕ್ಕ. ಶಾಕ್ಸ್ ಒಂದು ಮಟ್ಟದವರೆಗೆ ಒಳಗೆ ಹೋಗಬಹುದು. ಅದರ ಕೊನೆಯಲ್ಲಿ ಬಂಪ್ ಸ್ಟಾಪರ್ ಇರುತ್ತದೆ, ಕಬ್ಬಿಣಕ್ಕೆ ಕಬ್ಬಿಣ ಬಡಿಯದಿರಲಿ ಅಂತ. ಒರಿಜಿನಲ್ ಸ್ಪ್ರಿಂಗ್ ವಾಪಸ್ ಹಾಕಿದ ಮೇಲೆ ನಾನೇ ಟೇಪ್ ಹಿಡಿದು ನೋಡಿದೆ. ಖಾಲಿ ಗಾಡಿಯಲ್ಲಿ, ಹಿಂದುಗಡೆ, ಸ್ಟಾಪರ್ ಮುಟ್ಟಲು ಸುಮಾರು 70 ಎಂಎಂ ಇತ್ತು. ಅದರಲ್ಲಿ 40 ಎಂಎಂ ನಾನು ಸ್ಪ್ರಿಂಗ್ ಹಾಕಿದ ದಿನವೇ ತಿಂದುಹಾಕಿದ್ದೆ. ಉಳಿದದ್ದು 30. ಹಿಂದೆ ಮೂರು ಜನ ಕೂತು ಡಿಕ್ಕಿಯಲ್ಲಿ ಒಂದು ಮೂಟೆ ಇಟ್ಟರೆ ಆ 30 ಎಲ್ಲಿ ಉಳಿಯುತ್ತದೆ? ಗಾಡಿ ಹೊರಡುವ ಮೊದಲೇ ಸ್ಟಾಪರ್ ಮೇಲೆ ಕೂತಿರುತ್ತಿತ್ತು. ಒಬ್ಬನೇ ಓಡಿಸುವಾಗ ಚೆನ್ನಾಗಿದ್ದ ಗಾಡಿ ಮನೆಮಂದಿ ಕೂತಾಗ ಬೇರೆಯೇ ಗಾಡಿ ಆಗುತ್ತಿತ್ತು. ಇದು ನನಗೆ ಗೊತ್ತಾಗಿದ್ದು ಬಹಳ ತಡವಾಗಿ.

2016ರ ಜುಲೈ. ಅಪ್ಪಯ್ಯನ ಕಣ್ಣು ತೋರಿಸಲು ಉಡುಪಿಗೆ ಹೊರಟಿದ್ದೆವು. ಮುಂದೆ ಅಪ್ಪಯ್ಯ, ಹಿಂದೆ ಅಮ್ಮ, ಚಿಕ್ಕಮ್ಮ, ತಂಗಿ. ಮೇಗರವಳ್ಳಿ ದಾಟಿದ ಮೇಲೆ ಮಳೆ ಬಿಡದೆ ಸುರಿಯುತ್ತಿತ್ತು. ನಾನು ಜೋರಾಗಿ ಹೋಗುತ್ತಿರಲಿಲ್ಲ, 50ರ ಆಸುಪಾಸು. ಒಂದು ಬಲ ತಿರುವು. ಅದರ ನಡುವೆ ಡಾಂಬರು ಕಿತ್ತು ಅಲೆಅಲೆಯಾಗಿತ್ತು. ಹಿಂದಿನ ಎಡ ಚಕ್ರ ಅದರ ಮೇಲೆ ಹೋದಾಗ "ಧಡ್" ಅಂತ ಸದ್ದು. ಮರುಕ್ಷಣ ಗಾಡಿಯ ಹಿಂಭಾಗ ಎಡಕ್ಕೆ ಹಾರಿತು. ಜಾರಿದ ಹಾಗಲ್ಲ, ಯಾರೋ ಎತ್ತಿ ಪಕ್ಕಕ್ಕೆ ಇಟ್ಟ ಹಾಗೆ. ಸ್ಟೇರಿಂಗ್ ತಿರುಗಿಸಿದೆ, ಗಾಡಿ ಕೇಳಲಿಲ್ಲ. ಎಡಗಡೆ ಎರಡು ಚಕ್ರ ಚರಂಡಿಗೆ ಇಳಿದು ರಸ್ತೆ ಬದಿಯ ಮಣ್ಣಿನ ಧರೆಗೆ ಒರಗಿ ನಿಂತೆವು.

ಯಾರಿಗೂ ದೊಡ್ಡ ಪೆಟ್ಟಾಗಲಿಲ್ಲ. ಅಪ್ಪಯ್ಯನ ಹಣೆ ಕಿಟಕಿಗೆ ತಾಗಿ ಊದಿಕೊಂಡಿತ್ತು. ಆ ತಿರುವು ಆಗುಂಬೆಗೆ ಸ್ವಲ್ಪ ಮೊದಲು ಸಿಕ್ಕಿತು, ಧರೆ ಇರುವ ಕಡೆ ಸಿಕ್ಕಿತು. ಮುಂದೆ ಘಾಟಿಯ 14 ತಿರುವು ಇದ್ದವು. ಅದನ್ನು ನೆನೆದರೆ ಈಗಲೂ ನನ್ನ ಕೈ ತಣ್ಣಗಾಗುತ್ತದೆ.

ಆಗಿದ್ದಿಷ್ಟು. ತಿರುವಿನಲ್ಲಿ ಭಾರ ಎಲ್ಲ ಹೊರಗಿನ ಚಕ್ರದ ಮೇಲೆ ಬಿತ್ತು. ಆ ಕಡೆ ಸ್ಪ್ರಿಂಗಿಗೆ ಕುಗ್ಗಲು ಜಾಗ ಇರಲಿಲ್ಲ, ಸ್ಟಾಪರ್‌ಗೆ ಬಡಿಯಿತು. ಸ್ಟಾಪರ್‌ಗೆ ಬಡಿದ ಕ್ಷಣ ಆ ಮೂಲೆ ಕಲ್ಲಿನಷ್ಟು ಗಡುಸಾಯಿತು. ಟೈರು ನೆಲ ಹಿಡಿಯುವುದು ಬಿಟ್ಟು ಪುಟಿಯಿತು. ಒದ್ದೆ ರಸ್ತೆಯಲ್ಲಿ ಅಷ್ಟು ಸಾಕು.

ಶಿವಮೊಗ್ಗ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ವಯಸ್ಸಾದ ಒಬ್ಬ ಮೆಕ್ಯಾನಿಕ್ ಇದ್ದರು. ಗಾಡಿ ಎತ್ತಿ ಕೆಳಗೆ ಹೋದವರು ನನ್ನನ್ನೂ ಕರೆದರು. "ಇಲ್ನೋಡು ಮಾರಾಯ" ಅಂತ ಮುಂದಿನ ಶಾಕ್ಸ್ ಮೇಲಿನ ರಬ್ಬರ್ ಬೂಟ್ ಸರಿಸಿದರು. ಒಳಗಿನ ಬಂಪ್ ಸ್ಟಾಪರ್ ಅವರ ಬೆರಳಿಗೆ ಒದ್ದೆ ರಸ್ಕ್ ಥರ ಉದುರಿತು. ಶಾಕ್ಸ್ ಮೈಮೇಲೆ ಎಣ್ಣೆ ಇಳಿದು, ಅದಕ್ಕೆ ಕೆಮ್ಮಣ್ಣು ಮೆತ್ತಿಕೊಂಡು, ಕಪ್ಪು ಕೆಂಪು ಗಟ್ಟಿ ಪದರ ಆಗಿತ್ತು. ಆಮೇಲೆ ಹಿಂದಿನ ಸ್ಪ್ರಿಂಗ್ ಹಿಡಿದು ಅಲ್ಲಾಡಿಸಿದರು. ಚಕ್ರ ನೇತಾಡುವಾಗ ಆ ಗಿಡ್ಡ ಸ್ಪ್ರಿಂಗ್ ತನ್ನ ಸೀಟಿನಲ್ಲಿ ಸಡಿಲವಾಗಿ ಗಟಗಟ ಆಡುತ್ತಿತ್ತು. ಶಾಕ್ಸ್ ಉದ್ದದ್ದು, ಸ್ಪ್ರಿಂಗ್ ಗಿಡ್ಡದ್ದು, ಅದಕ್ಕೇ. ಗುಂಡಿಯಲ್ಲಿ ಚಕ್ರ ಪೂರ್ತಿ ಇಳಿದಾಗ ಬರುತ್ತಿದ್ದ "ಟಕ್" ಸದ್ದು ಯಾವುದು ಅಂತ ಆಗ ತಿಳಿಯಿತು. ಎಂಟು ತಿಂಗಳು ನಾನದನ್ನು ಡಿಕ್ಕಿಯಲ್ಲಿರುವ ಜಾಕ್ ಸದ್ದು ಅಂದುಕೊಂಡಿದ್ದೆ.

ಬಿಲ್ಲು ಹೇಳುತ್ತೇನೆ. ನಾಲ್ಕು ಶಾಕ್ಸ್, ಮುಂದಿನ ಸ್ಟ್ರಟ್ ಮೌಂಟು (ಶಾಕ್ಸ್ ಮೇಲ್ತುದಿ ಬಾಡಿಗೆ ಕೂರುವ ಜಾಗದ ರಬ್ಬರ್), ಲಿಂಕ್ ರಾಡು, ಲೋವರ್ ಆರ್ಮ್ ಬುಶ್ಶು (ಚಕ್ರ ಹಿಡಿಯುವ ಕೆಳಗಿನ ತೋಳಿನ ರಬ್ಬರ್), ಒಳಮೈ ಸವೆದುಹೋಗಿದ್ದ ಎರಡು ಟೈರು, ಬಾಗಿಲಿನ ಟಿಂಕರಿಂಗ್, ಪೇಂಟು. ಎಲ್ಲ ಸೇರಿ 48 ಸಾವಿರ. ಸ್ಪ್ರಿಂಗಿಗೆ ಕೊಟ್ಟ 13 ಸಾವಿರ ಬೇರೆ. ಅಪ್ಪಯ್ಯ ಒಂದು ಮಾತೂ ಬೈಯಲಿಲ್ಲ. ಉಡುಪಿಗೆ ಮುಂದಿನ ಎರಡು ಸಲ ಬಸ್ಸಿನಲ್ಲೇ ಹೋದರು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. 40 ಎಂಎಂ ಸ್ಪ್ರಿಂಗಿಗೆ ಯಾವ ಶಾಕ್ಸ್ ಅಂತ ಕೇಳಿದ್ದೀರಿ. ನನ್ನ ಉತ್ತರ: ಸ್ಪ್ರಿಂಗೇ ಬೇಡ. ನಮ್ಮ ಮಲೆನಾಡಿನಲ್ಲಿ, ಮನೆಮಂದಿ ಕೂರುವ ಗಾಡಿಗೆ, ಬೇಡ.

75 ಸಾವಿರ ಓಡಿದೆ ಅಂದಿರಲ್ಲ, ನಿಮ್ಮ ಗಾಡಿ ವಾಲುತ್ತಿರುವುದು ಬಹುತೇಕ ಶಾಕ್ಸ್ ಸವೆದು. ಟೈರಿನ ಮೇಲೆ ಅಂಗೈ ಇಟ್ಟು ಸುತ್ತ ಸವರಿ ನೋಡಿ. ಅಲ್ಲಲ್ಲಿ ತಗ್ಗು ದಿಣ್ಣೆ ಸಿಕ್ಕರೆ ಟೈರು ಕುಣಿಯುತ್ತಾ ಓಡಿದೆ ಅಂತ ಅರ್ಥ. ಶಾಕ್ಸ್ ಮೈ ಒದ್ದೆ ಇದೆಯಾ ನೋಡಿ. ಗಾಡಿಯ ಮೂಲೆ ಒತ್ತಿ ಬಿಟ್ಟು ನೋಡುವ ಪರೀಕ್ಷೆಯನ್ನು ಮಾತ್ರ ನಂಬಬೇಡಿ. ಪೂರ್ತಿ ಸತ್ತ ಶಾಕ್ಸ್ ಮಾತ್ರ ಅದರಲ್ಲಿ ಸಿಕ್ಕಿಬೀಳುತ್ತದೆ, ಅರ್ಧ ಸತ್ತದ್ದು ಪಾಸಾಗುತ್ತದೆ.

ಎತ್ತರದ ಲೆಕ್ಕವನ್ನೂ ನೋಡಿ. ನಿಮ್ಮ ಮಾಡೆಲ್ಲಿನ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಗಾಡಿಯ ಹೊಟ್ಟೆಗೂ ನಡುವಿನ ಜಾಗ, 163 ಎಂಎಂ. ನನ್ನದು 170 ಇತ್ತು. ಇದು ಖಾಲಿ ಗಾಡಿಯ ಲೆಕ್ಕ. 40 ಕಳೆದರೆ 123. ಐದು ಜನ ಕೂತರೆ ನಿಮಗೆ ಒಂದು ಗೇಣಿನ ಅರ್ಧವೂ ಉಳಿಯುವುದಿಲ್ಲ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಅಷ್ಟು ಅಗಲ ಇದ್ದರೆ ಗಾಡಿಯ ನಾಲ್ಕೂ ಚಕ್ರ ಒಟ್ಟಿಗೆ ಹಂಪಿನ ಮೇಲೇ ನಿಲ್ಲಬಹುದು, ಹೊಟ್ಟೆ ತಾಗುವುದಿಲ್ಲ. ನಮ್ಮೂರ ಶಾಲೆ ಮುಂದಿನ ಹಂಪು ಒಂದು ಮೊಳ ಅಗಲ. ಮುಂದಿನ ಚಕ್ರ ಇಳಿದಾಗ ಹಂಪು ಸರಿಯಾಗಿ ಹೊಟ್ಟೆ ಕೆಳಗೆ ಇರುತ್ತದೆ. ಇನ್ನು ಮನೆ ದಾರಿ. ಮಳೆಗಾಲ ಮುಗಿಯುವಾಗ ಎರಡು ಗಾಲಿಯ ಜಾಡು ಕೊರಕಲಾಗಿ, ನಡುವೆ ದಿಂಡು ಎದ್ದು, ಅದರಲ್ಲಿ ಜಂಬಿಟ್ಟಿಗೆ ಕಲ್ಲಿನ ತುದಿ ಇಣುಕುತ್ತಿರುತ್ತದೆ. ನನ್ನ ಎಂಜಿನ್ ಕೆಳಗಿನ ಆಯಿಲ್ ಚೇಂಬರ್ ಮೇಲೆ ಅದರ ಎರಡು ಗೀರು ಇನ್ನೂ ಇವೆ.

ಕಾನೂನಿನ ವಿಷಯ ಚಿಕ್ಕದಾಗಿ: 2019ರ ತಿದ್ದುಪಡಿ ಆದ ಮೇಲೆ, ಮೋಟಾರು ವಾಹನ ಕಾಯ್ದೆ ಒಪ್ಪದ ಮಾರ್ಪಾಡಿಗೆ ಒಂದೊಂದಕ್ಕೂ 5 ಸಾವಿರ ದಂಡ ಬೀಳಬಹುದು, ಆರು ತಿಂಗಳವರೆಗೆ ಜೈಲೂ ಆಗಬಹುದು. ಸ್ಪ್ರಿಂಗ್ ಹಾಕಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ, ಇನ್ಶೂರೆನ್ಸ್‌ನವರ ಹತ್ತಿರವೂ ಕೇಳಿ.

ನಿಮ್ಮ 25 ಸಾವಿರವನ್ನು ನಾನು ಹೀಗೆ ಖರ್ಚು ಮಾಡುತ್ತೇನೆ. ಒರಿಜಿನಲ್ ಎತ್ತರಕ್ಕೆ ಮಾಡಿದ ನಾಲ್ಕು ಹೊಸ ಶಾಕ್ಸ್. ಕಂಪನಿ ಪಾರ್ಟೇ ಆಗಲಿ, ಗೇಬ್ರಿಯಲ್ ಆಗಲಿ, ಕೆವೈಬಿ ಆಗಲಿ, ನಿಮ್ಮ ಮಾಡೆಲ್ಲಿಗೇ ಅಂತ ಮಾಡಿದ್ದು ಇರಬೇಕು. ಮುಂದಿನ ಎರಡು ಒಟ್ಟಿಗೆ, ಹಿಂದಿನ ಎರಡು ಒಟ್ಟಿಗೆ, ಒಂದೇ ಒಂದು ಬದಲಿಸಬೇಡಿ. ಜೊತೆಗೆ ಹೊಸ ಸ್ಟ್ರಟ್ ಮೌಂಟು, ಬಂಪ್ ಸ್ಟಾಪರ್, ಬೂಟು. ಹೊಸ ಶಾಕ್ಸ್‌ಗೆ ಹಳೇ ಸ್ಟಾಪರ್ ಹಾಕಿಸಿ ನೂರು ರೂಪಾಯಿ ಉಳಿಸಬೇಡಿ. ಲೋವರ್ ಆರ್ಮ್ ಬುಶ್ ಬದಲಿಸಿದರೆ ಒಂದು ಮಾತು ನೆನಪಿಡಿ: ಅದರ ಬೋಲ್ಟನ್ನು ಕೊನೆಯ ಬಿಗಿ ಮಾಡುವಾಗ ಗಾಡಿ ತನ್ನ ಚಕ್ರದ ಮೇಲೆ ನಿಂತಿರಬೇಕು. ಎತ್ತಿ ನೇತುಹಾಕಿದಾಗ ಬಿಗಿ ಮಾಡಿದರೆ ರಬ್ಬರ್ ತಿರುಚಿಕೊಂಡೇ ಕೂರುತ್ತದೆ, ಬೇಗ ಹರಿಯುತ್ತದೆ. ಅವಸರದಲ್ಲಿ ಇದನ್ನು ಬಿಟ್ಟುಬಿಡುತ್ತಾರೆ, ಪಕ್ಕದಲ್ಲೇ ನಿಂತು ಹೇಳಿ. ಆಮೇಲೆ ವೀಲ್ ಅಲೈನ್‌ಮೆಂಟ್. ದುಡ್ಡು ಮಿಕ್ಕರೆ ಟೈರಿಗೆ ಇಡಿ.

ಇಷ್ಟಾದರೂ ತಗ್ಗಿಸಲೇಬೇಕು ಅಂದರೆ 25 ಎಂಎಂ ದಾಟಬೇಡಿ, ತಗ್ಗಿಸಿದ ಗಾಡಿಗೆಂದೇ ಮಾಡಿದ ಗಿಡ್ಡ ಶಾಕ್ಸ್ ಜೊತೆಗೇ ತಗೊಳ್ಳಿ. ಬಿಲ್‌ಸ್ಟೈನ್ ಕಂಪನಿ ಇದಕ್ಕೇ ಎರಡು ಬೇರೆ ಮಾಲು ಮಾಡುತ್ತದೆ, ಎತ್ತರ ಬದಲಿಸದ ಗಾಡಿಗೆ ಬಿ6, ತಗ್ಗಿಸಿದ್ದಕ್ಕೆ ಗಿಡ್ಡದಾದ ಬಿ8. ಅಂಥದ್ದು ನಿಮ್ಮ 25 ಸಾವಿರದಲ್ಲಿ ಆಗುವುದಿಲ್ಲ. ಸ್ಪ್ರಿಂಗ್ ಕತ್ತರಿಸಿಕೊಡುತ್ತೇನೆ ಅನ್ನುವವರ ಬಾಗಿಲಿಗೇ ಹೋಗಬೇಡಿ.

ನನ್ನ ಗಾಡಿ ಈಗ 1 ಲಕ್ಷ 60 ಸಾವಿರ ಓಡಿದೆ, ಒರಿಜಿನಲ್ ಎತ್ತರದಲ್ಲೇ. ಮಂಡಗದ್ದೆ ತಿರುವುಗಳಲ್ಲಿ ಸ್ವಲ್ಪ ವಾಲುತ್ತದೆ, ಆದರೆ ನೆಲ ಬಿಡುವುದಿಲ್ಲ. ನೀವು ಈ ಭಾನುವಾರ ಒಂದು ಕೆಲಸ ಮಾಡಿ. ಮನೆಯವರನ್ನೆಲ್ಲ ಗಾಡಿಯಲ್ಲಿ ಕೂರಿಸಿ, ಡಿಕ್ಕಿಯಲ್ಲಿ ಯಾವಾಗಲೂ ಇಡುವಷ್ಟು ಸಾಮಾನು ಇಟ್ಟು, ಆಯಿಲ್ ಚೇಂಬರ್‌ನಿಂದ ನೆಲಕ್ಕೆ ಟೇಪ್ ಹಿಡಿಯಿರಿ. ಬಂದ ಅಳತೆಯಲ್ಲಿ 40 ಕಳೆಯಿರಿ. ಉಳಿದದ್ದನ್ನು ಒಂದು ಕೋಲಿನ ಮೇಲೆ ಗುರುತು ಮಾಡಿಕೊಂಡು ನಿಮ್ಮ ಮನೆ ದಾರಿಯಲ್ಲಿ ಗೇಟಿನಿಂದ ಡಾಂಬರು ರಸ್ತೆವರೆಗೆ ನಡೆದು ಬನ್ನಿ. ಎಷ್ಟು ಕಡೆ ತಾಗುತ್ತದೆ ಅಂತ ಇಲ್ಲಿ ಬರೆಯಿರಿ, ಟೈರು ಸವೆದ ಫೋಟೋನೂ ಹಾಕಿ. ಯಾವ ಶಾಕ್ಸ್ ಅನ್ನುವುದನ್ನು ಆಮೇಲೆ ಕೂತು ನೋಡೋಣ.